ಮೋಟಾರಿನ ಹಿಂದೆ ಭಾರದ ಬಂಡಿ

ಎತ್ತಿನ ಗಾಡಿಗೆ ಹೇರು ಹೇರುವುದನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಮೂಟೆಗಳನ್ನು ಒಟ್ಟಿದ ಮೇಲೆ ಗಾಡಿಯವನು ನೊಗವನ್ನು ಒಮ್ಮೆ ಕೈಯಿಂದ ಎತ್ತಿ ನೋಡುವನು. ಹಿಂಭಾರವಾದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತುಗಳನ್ನು ಬಿಗಿಯುವುದು; ಮುಂಭಾರವಾದರೆ ಹೆಗಲು ಹುಣ್ಣಾಗುವುದು. ಒಂದೆರಡು ಮೂಟೆಗಳನ್ನು ಸರಿಸಿದ ಮೇಲೆಯೇ ಅವನು ಹೊರಡುವನು. ಸಾಮಾನ್ಯ ಮೋಟಾರುಕಾರಿಗೆ ಭಾರವಾದ ಟ್ರೇಲರನ್ನು ಕಟ್ಟಿ ಎಳೆಯುವವನು ಮೊದಲು ಕಲಿಯಬೇಕಾದುದೂ ಇದೇ ವಿದ್ಯೆ.

ಇಂಗ್ಲೆಂಡಿನಲ್ಲಿ ರಜಾದಿನಗಳು ಬಂದರೆ, ಮಂಚ ಒಲೆಗಳನ್ನೊಳಗೊಂಡ ಕ್ಯಾರವಾನೆಂಬ ಚಕ್ರದ ಮನೆಯನ್ನು ಕಾರಿಗೆ ತಗುಲಿಸಿಕೊಂಡು ಕುಟುಂಬಗಳು ಸಮುದ್ರತೀರಕ್ಕೆ ಹೊರಡುವುದುಂಟು. 1997ರಿಂದೀಚೆಗೆ ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಹೆಚ್ಚು ಭಾರದ ಟ್ರೇಲರನ್ನು ಎಳೆಯಲು ಅಲ್ಲಿ ಮತ್ತೊಂದು ಪರೀಕ್ಷೆಗೆ ಕೂರಬೇಕಾಗಿದ್ದಿತು. 2021ರ ಡಿಸೆಂಬರಿನಲ್ಲಿ ಆ ನಿಯಮವು ರದ್ದಾಗಿ, 3,500 ಕಿಲೋಗ್ರಾಂವರೆಗೆ ಎಳೆಯಲು ಅವರಿಗೆ ಅನುಮತಿಯಾಯಿತು. ಆದರೆ ಕಾನೂನು ಒಪ್ಪಿದುದನ್ನು ಕಾರೂ ಒಪ್ಪಬೇಕಷ್ಟೆ. ಕಾರನ್ನು ನಿರ್ಮಿಸಿದವರು ಗೊತ್ತುಮಾಡಿದ ಮಿತಿಯನ್ನು ಎಂದೂ ಮೀರಬಾರದು. ಹೊಸಬರು ಟ್ರೇಲರಿನ ಒಟ್ಟು ಭಾರವನ್ನು ಕಾರಿನ ಸ್ವಂತ ತೂಕದಲ್ಲಿ ನೂರಕ್ಕೆ 85ರೊಳಗೆ ಇಡಬೇಕೆಂಬುದು ಅಲ್ಲಿನ ಅನುಭವಿಗಳ ಬುದ್ಧಿವಾದ. 1,400 ಕಿಲೋ ಕಾರಿಗೆ ಇದು 1,190 ಕಿಲೋ ಆಗುವುದು.

ಎಂಜಿನ್ನಿಗೆ ಶಕ್ತಿಯಿದ್ದರೆ ಸಾಲದೆ ಎಂದು ಕೆಲವರು ಕೇಳುವರು. ಎಳೆಯುವುದು ಸುಲಭ, ಎಳೆದುದನ್ನು ಹದ್ದಿನಲ್ಲಿಡುವುದು ಕಷ್ಟ. ಗಾಳಿಯ ಹೊಡೆತದಿಂದಲೋ, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುದರಿಂದಲೋ ಟ್ರೇಲರು ಹಾವಿನಂತೆ ಅತ್ತಿತ್ತ ಹೊರಳತೊಡಗುವುದುಂಟು. ವೇಗವು ಮಿತಿಯಲ್ಲಿದ್ದರೆ ಈ ಓಲಾಟವು ತಾನೇ ಅಡಗುವುದು; ಮಿತಿಮೀರಿದ್ದರೆ ಪ್ರತಿ ಹೊರಳಿಗೂ ಬೆಳೆದು ಕಾರನ್ನೇ ಉರುಳಿಸಬಲ್ಲದು. ಹಿಂಭಾರವಿದ್ದರಂತೂ ಅದು ಕಡಮೆ ವೇಗದಲ್ಲಿಯೇ ಪ್ರಾರಂಭವಾಗುವುದು. ಆದುದರಿಂದ ಒಟ್ಟು ಭಾರದಲ್ಲಿ ನೂರಕ್ಕೆ ಐದರಿಂದ ಏಳರಷ್ಟು, ನಮ್ಮ ಉದಾಹರಣೆಯಲ್ಲಿ 60ರಿಂದ 83 ಕಿಲೋ, ಕಾರಿನ ಕೊಂಡಿಯ ಮೇಲೆ ಬೀಳುವಂತೆ ಹೇರಬೇಕು. ಕೊಂಡಿಯ ಮಿತಿಯು ಅದಕ್ಕೂ ಕಡಮೆಯಾಗಿದ್ದರೆ ಆ ಮಿತಿಯೇ ಪ್ರಮಾಣ. ಭಾರವಾದ ವಸ್ತುಗಳನ್ನು ಅಚ್ಚಿನ ಹತ್ತಿರ, ನೆಲಕ್ಕೆ ಒತ್ತಿ ಇಡಬೇಕು, ಹಗುರವಾದುವು ಮೇಲಿರಬಹುದು.

ಓಲಾಟವು ಆರಂಭವಾದರೆ ಮಾಡತಕ್ಕುದೇನು? ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು, ಚಕ್ರವನ್ನು ನೇರವಾಗಿ ಹಿಡಿದು, ವೇಗವು ತಾನಾಗಿ ಇಳಿಯಲು ಬಿಡಬೇಕು. ವೇಗ ಹೆಚ್ಚಿಸಿದರೆ ಬಂಡಿಯು ನೆಟ್ಟಗಾಗುವುದೆಂದು ನಂಬಿರುವವರುಂಟು. ಈ ನಂಬಿಕೆ ಪ್ರಾಣಾಂತಕವಾದುದು. ಬ್ರೇಕನ್ನು ಬಲವಾಗಿ ಒತ್ತುವುದೂ ಅಷ್ಟೇ ಅಪಾಯಕರ. ಇಂಗ್ಲೆಂಡಿನಲ್ಲಿ ಟ್ರೇಲರುಳ್ಳ ಕಾರಿಗೆ ಸಾಮಾನ್ಯ ಹೆದ್ದಾರಿಯಲ್ಲಿ ಗಂಟೆಗೆ 50, ಮೋಟಾರುದಾರಿಯಲ್ಲಿ 60 ಮೈಲಿಗಳ ಮಿತಿಯಿರುವುದು ಸುಮ್ಮನಲ್ಲ. ಇಳಿಜಾರಿನಲ್ಲಾದರೆ, ಇಳಿಯತೊಡಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು.

750 ಕಿಲೋವನ್ನು ಮೀರಿದ ಟ್ರೇಲರಿಗೆ ಅಲ್ಲಿ ಸ್ವಂತ ಬ್ರೇಕು ಕಡ್ಡಾಯ. ಅದರ ಉಪಾಯವು ಸೊಗಸಾಗಿದೆ: ಕಾರು ನಿಧಾನಿಸಿದಾಗ ಹಿಂದಿನ ಬಂಡಿಯು ಮುಂದಕ್ಕೆ ನೂಕುವುದಷ್ಟೆ, ಆ ನೂಕಿನಿಂದ ಕೊಂಡಿಯ ದಂಡವು ಒಳಸರಿದು ಟ್ರೇಲರಿನ ಬ್ರೇಕನ್ನು ಬಿಗಿಯುವುದು. ಕೊಂಡಿಯೇ ಕಳಚಿದರೆ ಕಾರಿಗೆ ಸಿಕ್ಕಿಸಿದ ಸಣ್ಣ ಉಕ್ಕಿನ ತಂತಿಯೊಂದು ಬ್ರೇಕನ್ನು ಎಳೆದು, ಆಮೇಲೆ ತುಂಡಾಗುವುದು. ಆ ತಂತಿಯನ್ನು ಸಿಕ್ಕಿಸದೆ ಹೊರಟವನ ಹಿಂದಿನ ಗಾಡಿಯಲ್ಲಿ ಕುಳಿತು ಬರಲು ನಾವಂತೂ ಒಪ್ಪೆವು.