ಕೆರೆಯ ರಕ್ಷಣೆಯೂ ಹವಾಮಾನದ ನ್ಯಾಯವೂ

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯು ಹಾಸನ ಜಿಲ್ಲೆಯ ಮೂಡಣ ಬಯಲುಸೀಮೆಗೆ ಸೇರಿದುದು. ಪಡುವಣ ಸಕಲೇಶಪುರದ ಮಳೆಯ ಭಾಗ್ಯ ಈ ಸೀಮೆಗಿಲ್ಲ. ಬಿದ್ದ ನೀರನ್ನು ಹಿಡಿದಿಟ್ಟು ಗದ್ದೆಗೂ ಬಾವಿಗೂ ಒದಗಿಸುವ ಕೆರೆಯೇ ಇಂತಹ ನಾಡಿಗೆ ಆಧಾರ. ಹವಾಮಾನದ ಬದಲಾವಣೆಯನ್ನು ಕುರಿತ ಇತ್ತೀಚಿನ ಕಾನೂನುಗಳು ನಮ್ಮ ಹಳ್ಳಿಗಳಿಗೆ ಹೇಗೆ ಸಂಬಂಧಿಸುತ್ತವೆ ಎಂಬುದನ್ನು ಕೆರೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೆರೆಯ ರಕ್ಷಣೆ ನಮ್ಮಲ್ಲಿ ಹೊಸ ವಿಚಾರವೇನೂ ಅಲ್ಲ. ಕನ್ನಡ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವರಿಗೂ ಅದರ ಏರಿ ತೂಬುಗಳನ್ನು ದುರಸ್ತಿಯಲ್ಲಿಡುವವರಿಗೂ ಭೂಮಿಯನ್ನು ಬಿಡುತ್ತಿದ್ದ ಪದ್ಧತಿ ಇವುಗಳಿಂದ ತಿಳಿಯುತ್ತದೆ. ದತ್ತಿಗೆ ಅಳುಪಿದವನಿಗೆ ಶಾಪವೂ ಉಂಟು. ಎಂದರೆ, ಕರ್ತವ್ಯವನ್ನು ವಿಧಿಸಿದ ಕಲ್ಲೇ ಅದರ ವೆಚ್ಚಕ್ಕೆ ಬೇಕಾದ ಆದಾಯವನ್ನೂ ಗೊತ್ತುಮಾಡುತ್ತಿತ್ತು. ಮೈಸೂರು ಸಂಸ್ಥಾನವೂ 1911ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನನ್ನು ಜಾರಿಗೆ ತಂದು, ಊರಿನವರನ್ನು ಈ ಹೊಣೆಯಲ್ಲಿ ಸೇರಿಸಲು ಯತ್ನಿಸಿತು.

ಸ್ವತಂತ್ರ ಭಾರತದಲ್ಲಿ ಈ ವಿಚಾರ ಸಂವಿಧಾನದ ಮಟ್ಟಕ್ಕೇರಿತು. 1976ರ 42ನೆಯ ತಿದ್ದುಪಡಿಯು ಪರಿಸರದ ರಕ್ಷಣೆಯನ್ನು 48ಎ ವಿಧಿಯಲ್ಲಿ ರಾಜ್ಯದ ಹೊಣೆಯನ್ನಾಗಿಯೂ 51ಎ ವಿಧಿಯಲ್ಲಿ ಪ್ರಜೆಯ ಕರ್ತವ್ಯವನ್ನಾಗಿಯೂ ಸೇರಿಸಿತು. ಪರಿಸರ ಸಂರಕ್ಷಣಾ ಕಾಯಿದೆ 1986ರಲ್ಲಿ ಬಂದಿತು. ಕಾಡು, ಕೆರೆ, ಕುಂಟೆಗಳ ರಕ್ಷಣೆಯು 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದುದೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಹಿಂಚ್‌ಲಾಲ್ ತಿವಾರಿ ಮೊಕದ್ದಮೆಯಲ್ಲಿ ಹೇಳಿತು. 2011ರ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಮಾಡಲು ಯೋಜನೆಗಳನ್ನು ರಚಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕವು 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದೇ ಪ್ರತ್ಯೇಕ ಪ್ರಾಧಿಕಾರದ ಕಾಯಿದೆಯನ್ನು ರಚಿಸಿತು.

ಆದರೆ ನ್ಯಾಯಪೀಠದ ಅಧಿಕಾರಕ್ಕೂ ಎಲ್ಲೆಯುಂಟು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ತೆರವು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ವಿಧಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ರದ್ದುಪಡಿಸಿತು. ನಗರ ಯೋಜನೆಯ ಶಾಸನಬದ್ಧ ನಿಯಮವನ್ನು ಮಂಡಳಿ ಬದಲಿಸಲಾಗದೆಂಬುದು ಅದರ ತಾತ್ಪರ್ಯ.

2024ರ ಮಾರ್ಚ್ 21ರ ರಂಜಿತ್‌ಸಿಂಹ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು 14 ಮತ್ತು 21ನೆಯ ವಿಧಿಗಳಲ್ಲಿ ಅಡಗಿದೆಯೆಂದು ಅದು ಸಾರಿತು. ಈ ವಿಷಯಕ್ಕೆಂದೇ ಸಮಗ್ರ ಶಾಸನವೊಂದು ದೇಶದಲ್ಲಿಲ್ಲವೆಂಬುದನ್ನೂ ಗಮನಿಸಿತು. ಅದೇ ತಿಂಗಳು ಕರ್ನಾಟಕ ಸರ್ಕಾರವು ಬರಪರಿಹಾರದ ಹಣಕ್ಕಾಗಿ ಅದೇ ನ್ಯಾಯಾಲಯದ ಮೊರೆಹೊಕ್ಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದುವು. 2024ರ ಏಪ್ರಿಲಿನಲ್ಲಿ ಕೇಂದ್ರವು ಸುಮಾರು 3,400 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ರಾಜ್ಯ ಕೇಳಿದ್ದುದು 18,000 ಕೋಟಿಗೂ ಮೇಲ್ಪಟ್ಟು.

ಪರಿಹಾರವು ಬೆಳೆ ಒಣಗಿದ ಮೇಲೆ ಬರತಕ್ಕುದು. ಕೆರೆಯು ಅದಕ್ಕೆ ಮೊದಲೇ ಒದಗತಕ್ಕುದು. ಮಳೆ ಕೆಲವೇ ದಿನಗಳಲ್ಲಿ ಸುರಿದು ಬಹುಕಾಲ ಮರೆಯಾಗುವಾಗ, ಹೂಳು ತುಂಬಿದ ಕೆರೆ ನೀರನ್ನು ಹಿಡಿಯಲಾರದು. ಕಾಲುವೆ ಒತ್ತುವರಿಯಾದರೆ ಕೋಡಿಯ ನೀರು ಕೆಳಗಿನ ಕೆರೆಯನ್ನು ಸೇರದು. ಹೊಸ ಕಾಯಿದೆಗಳು ಕೆರೆಯನ್ನು ಕೆಡಿಸುವವನನ್ನು ತಡೆಯುವುದರಲ್ಲಿ ಸಮರ್ಥವಾಗಿವೆ. ಪ್ರತಿವರ್ಷ ಹೂಳೆತ್ತಿ ಏರಿಯನ್ನು ಕಾಯುವವನಾರು, ಅವನಿಗೆ ಆದಾಯವೆಲ್ಲಿಂದ ಎಂಬ ಪ್ರಶ್ನೆಗೆ ಹಳೆಯ ಶಾಸನಗಳ ಉತ್ತರವೇ ಹೆಚ್ಚು ಸ್ಪಷ್ಟವಾಗಿದೆ. ಹವಾಮಾನದ ಸಮಗ್ರ ಶಾಸನವನ್ನು ರಚಿಸುವವರು ಗಮನಿಸಬೇಕಾದ ಅಂಶ ಇದು.