ಹೆಬ್ಬಾವಿಗೆ ಎಂಥ ಗೂಡು ಬೇಕು?

ಹೆಬ್ಬಾವನ್ನ ಮನೇಲಿ ಸಾಕಬಹುದಾ?
ಬಿ.ದುರ್ಗ, ಹೊಳಲ್ಕೆರೆ ಕಡೆಯವರೇ, ಕೇಳಿ.

ನಮ್ಮ ಕಾಡಿನ ಹೆಬ್ಬಾವು ಸಾಕೋ ಹಾಗೇ ಇಲ್ಲ.
1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ ಅದು.
ಹಿಡಿದಿಟ್ಟುಕೊಂಡ್ರೆ,
ಕನಿಷ್ಠ 3 ವರ್ಷ ಜೈಲು.
ಅಡಿಕೆ ತೋಟದಲ್ಲಿ ಕಂಡ್ರೆ ದೂರ ನಿಲ್ಲಿ.
ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮತ್ತೆ ಕೆಲವರ ಮನೇಲಿರೋದು ಯಾವುದು?
ಬಾಲ್ ಪೈಥಾನ್.
ಆಫ್ರಿಕಾ ಮೂಲದ್ದು.
ಅದಕ್ಕೂ 2024ರ ನಿಯಮದಂತೆ
ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ.

ಈಗ ಗೂಡು.
ಹಾವಿನ ಮೈ ತಾನಾಗಿ ಬಿಸಿ ಆಗಲ್ಲ, ತಾನಾಗಿ ತಣಿಯೋದೂ ಇಲ್ಲ.
ಏಪ್ರಿಲ್ ಬಿಸಿಲಲ್ಲಿ ನಾವು ಹೊಂಗೆ ಮರದ ನೆರಳಿಗೆ ಸರಿತೀವಲ್ಲ,
ಅದೂ ಹಾಗೇ ಸರಿದಾಡಬೇಕು.

ಅದಕ್ಕೇ ಒಂದೇ ಪೆಟ್ಟಿಗೆಯಲ್ಲಿ ಎರಡು ಹವೆ.
ಒಂದು ತುದಿ 32 ಡಿಗ್ರಿ.
ಇನ್ನೊಂದು ತುದಿ 26ರ ಆಸುಪಾಸು.
ಎರಡೂ ತುದೀಲಿ ಅಡಗೋಕೆ ಒಂದೊಂದು ಚಿಕ್ಕ ಗೂಡು.
ಒಳಗೆ ಸುರುಳಿ ಸುತ್ತಿದ್ರೆ ಗೋಡೆ ಮೈಗೆ ತಾಗಬೇಕು.
ಆಗಲೇ ಅದಕ್ಕೆ ಧೈರ್ಯ.

ಪೂರ್ತಿ ಮೈ ಚಾಚೋಷ್ಟು ಉದ್ದದ ಪೆಟ್ಟಿಗೆ.
ಅಗಲವಾದ ನೀರಿನ ಬೋಗುಣಿ.
ಹೀಟರ್‌ಗೆ ಥರ್ಮೋಸ್ಟಾಟ್.
ಬಾಗಿಲಿಗೆ ಬೀಗ.

ನಮ್ಮ ಕಡೆ ಕಷ್ಟ ಎಲ್ಲಿ ಗೊತ್ತಾ?
ಬೇಸಿಗೇಲಿ ಶೀಟ್ ಮನೆ ಕಾದುಬಿಡುತ್ತೆ.
ಪೆಟ್ಟಿಗೇಲಿ ತಂಪು ತುದಿಯೇ ಉಳಿಯಲ್ಲ.
ಹಾವಿಗೆ ಓಡೋಕೆ ಜಾಗ ಇಲ್ಲ.

ಬಾಲ್ ಪೈಥಾನ್ 20, 30 ವರ್ಷ ಬದುಕುತ್ತೆ.
ಅಷ್ಟೂ ಬೇಸಿಗೆ ಅದನ್ನ ತಂಪಾಗಿಡೋಕೆ ಆಗುತ್ತಾ?
ಆಗಲ್ಲ ಅಂದ್ರೆ,
ದಯವಿಟ್ಟು ತರಬೇಡಿ.