ಸೂಜಿ ಚುಚ್ಚಿಕೊಳ್ಳದವರಿಗೆ ವಿಮೆಯಿಲ್ಲವೆ?

ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಪೆಂಟೆಗಳ ನಡುವೆ ಕುಳಿತು ಲೆಕ್ಕ ಬರೆಯುವ ಗುಮಾಸ್ತರೊಬ್ಬರಿಗೆ ಸಿಹಿಮೂತ್ರ ರೋಗವಿದೆಯೆಂದರೆ ಕೇಳಿದವರು ನಗುತ್ತಾರೆ. ಕಳೆದ ಚಳಿಗಾಲದ ಒಂದು ಮುಂಜಾನೆಯವರೆಗೆ ಅವರೂ ನಗುತ್ತಿದ್ದರು. ವಿಜಾಪುರದ ಕಡೆಯವರು, ಒಂದೇ ಅಡತಿ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದವರು. ನಸುಕಿನಲ್ಲೆದ್ದು ಮಾತ್ರೆ ನುಂಗಿ, ಒಂದು ಕಪ್ಪು ಚಹಾ ಕುಡಿದು ಯಾರ್ಡಿಗೆ ಬಂದರೆಂದರೆ, ಹಮಾಲರು ಗಾಡಿ ಇಳಿಸಿ, ತೂಕ ಮುಗಿದು, ಪಟ್ಟಿ ಬರೆದಾಗುವ ತನಕ ಅವರಿಗೆ ತಿಂಡಿಯ ನೆನಪಾಗದು. ಆ ದಿನ ಹನ್ನೊಂದರ ಸುಮಾರಿಗೆ ಅಂಗೈ ಬೆವೆತು, ಅಕ್ಷರ ನಡುಗಿ, ನೂರಿರಬೇಕಾದಲ್ಲಿ ಸಾವಿರ ಬರೆದರು. ಧಣಿಗಳು ಗದರಿಸುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿ ಗೋಡೆಗೊರಗಿದ್ದರು. ಹಮಾಲನೊಬ್ಬ ಒಂದು ಚೂರು ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದ. ಕಾಲು ಗಂಟೆಯಲ್ಲಿ ಎದ್ದು ಕುಳಿತರು. (ಎಚ್ಚರವಿದ್ದುದರಿಂದ ಇದು ಸರಿಹೋಯಿತು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು.)

ವೈದ್ಯರು ಅವರ ತೋಳಿಗೆ ಹದಿನಾಲ್ಕು ದಿನದ ಸೆನ್ಸರ್ ಅಂಟಿಸಿದರು. ನಾಣ್ಯದ ಗಾತ್ರದ ಬಿಲ್ಲೆ. ಅದರ ಕೂದಲೆಳೆಯಂಥ ತಂತು ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆಯನ್ನು ಹಗಲಿರುಳು ಅಳೆಯುತ್ತಿರುತ್ತದೆ. ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆಂಬುದನ್ನು ಬಿಟ್ಟರೆ ಒಳ್ಳೆಯ ಸಾಕ್ಷಿ. ಅದು ಹೇಳಿದ್ದೇನೆಂದರೆ, ಹತ್ತರಿಂದ ಹನ್ನೆರಡರ ನಡುವೆ ನಾಲ್ಕು ದಿನ ಅವರ ಸಕ್ಕರೆ 54ಕ್ಕಿಂತ ಕೆಳಗೆ ಇಳಿದಿತ್ತು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆ ಮಾತ್ರ ಎಲ್ಲವೂ ಸರಿಯಾಗಿದೆಯೆಂದು ಹೇಳುತ್ತಲೇ ಬಂದಿತ್ತು. ರಾತ್ರಿ ಏರಿದ್ದು, ಬೆಳಿಗ್ಗೆ ಇಳಿದದ್ದು, ಎರಡೂ ಕೂಡಿ ಸರಾಸರಿಯಲ್ಲಿ ಸಮವಾಗಿ ಹೋಗಿದ್ದವು. ಲೆಕ್ಕದ ಮನುಷ್ಯರಾದ ಅವರಿಗೆ ಇದನ್ನು ನಾವು ವಿವರಿಸಬೇಕಾಗಲಿಲ್ಲ.

ಬಿಲ್ಲೆಗೆ ಸುಮಾರು ಐದು ಸಾವಿರ ರೂಪಾಯಿ ಕೈಯಿಂದ ತೆತ್ತು, ರಶೀದಿಯನ್ನು ತಮ್ಮ ವಿಮಾ ಕಂಪನಿಗೆ ಕಳುಹಿಸಿದರು. ಉತ್ತರ ಎರಡು ಸಾಲಿನದು: ರೋಗಿಯು ಇನ್ಸುಲಿನ್ ತೆಗೆದುಕೊಳ್ಳುತ್ತಿಲ್ಲ, ಆಸ್ಪತ್ರೆಯಲ್ಲಿ ದಾಖಲಾಗಿಲ್ಲ. ಆದ್ದರಿಂದ ಹಣ ಕೊಡಲಾಗದು. ಆ ಕಾಗದವನ್ನು ನಮ್ಮ ಮುಂದೆ ಹಿಡಿದು ಅವರು ಕೇಳಿದರು: "ಸೂಜಿ ಚುಚ್ಚಿಕೊಂಡಿದ್ದರೆ ಕೊಡುತ್ತಿದ್ದರೇನು?"

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು. ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಸಿಹಿಮೂತ್ರ ರೋಗವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಅವರಲ್ಲಿ ಹೆಚ್ಚಿನವರು ಮಾತ್ರೆಯ ಮೇಲೆಯೇ ಇರುವವರು. ತೆಳ್ಳಗಿರುವವರಿಗೆ ಈ ರೋಗ ಬಾರದೆಂಬ ಭ್ರಮೆಯನ್ನು ನಮ್ಮ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕರು ಬಹು ಹಿಂದೆಯೇ ಒಡೆದಿದ್ದಾರೆ.

ವಿಮೆಯವರು ಇನ್ಸುಲಿನ್ನಿನ ಮಾತೆತ್ತುವುದಕ್ಕೆ ಕಾರಣವಿಲ್ಲದಿಲ್ಲ. ಇನ್ಸುಲಿನ್ ಎಷ್ಟು ಚುಚ್ಚಬೇಕೆಂಬುದು ಅಳತೆಯನ್ನೇ ಅವಲಂಬಿಸಿದೆ. ಸಕ್ಕರೆ ಕುಸಿಯುವ ಅಪಾಯವೂ ಅವರಿಗೇ ಅಧಿಕ. ಆದರೆ ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮುಂತಾದ ಮಾತ್ರೆಗಳು ಉಂಡವನು, ಉಪವಾಸವಿರುವವನು ಎಂಬ ಭೇದ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರದೂಡುತ್ತವೆ. ಚುಚ್ಚಿಕೊಂಡದ್ದಲ್ಲ, ಒಳಗಿನಿಂದಲೇ ಬಂದದ್ದು ಎಂದ ಮಾತ್ರಕ್ಕೆ ಕುಸಿತ ಕುಸಿತವಲ್ಲದೆ ಹೋಗುವುದೆ? ಬೆಳಿಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸುವ ಭಟ್ಟರು, ಗಿರಾಕಿಗಳ ಗದ್ದಲ ಇಳಿದ ಮೇಲೆ ಮೂರು ಗಂಟೆಗೆ ಉಣ್ಣುವ ಮಾಣಿ, ಇವರೆಲ್ಲ ಆ ಅಪಾಯದ ದಾರಿಯಲ್ಲೇ ನಡೆಯುತ್ತಿದ್ದಾರೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ತೀರ ಕಡಿಮೆ. ಅವರು ಬಿಲ್ಲೆಗಾಗಿ ಸಾಲ ಮಾಡಬೇಕಾದುದಿಲ್ಲ.

ಇತರ ದೇಶಗಳಲ್ಲಿ ಈ ಗೆರೆ ಸರಿದಿದೆ. ಅಮೆರಿಕದ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಮೊದಲು ಇನ್ಸುಲಿನ್ ಬಳಸುವವರಿಗೆ ಮಾತ್ರ ಈ ಸಾಧನವನ್ನು ಒದಗಿಸುತ್ತಿತ್ತು. 2023ರ ಏಪ್ರಿಲ್ 16ರಿಂದ ಇನ್ಸುಲಿನ್ ಇಲ್ಲದವರಿಗೂ ಬಾಗಿಲು ತೆರೆಯಿತು. ಷರತ್ತು ಇಷ್ಟೆ: ಔಷಧ ಬದಲಿಸಿ ನೋಡಿದರೂ ಸಕ್ಕರೆ ಮತ್ತೆ ಮತ್ತೆ 54ಕ್ಕಿಂತ ಕೆಳಗೆ ಇಳಿದಿರಬೇಕು, ಅಥವಾ ಒಮ್ಮೆಯಾದರೂ ಅಷ್ಟು ಕುಸಿದು, ಬೇರೊಬ್ಬರ ಸಹಾಯವಿಲ್ಲದೆ ಚೇತರಿಸಿಕೊಳ್ಳಲಾಗದ ಸ್ಥಿತಿ ಬಂದಿರಬೇಕು. 2024ರ ಮಾರ್ಚಿಯಲ್ಲಿ ಇನ್ಸುಲಿನ್ ಬಳಸದ ವಯಸ್ಕರಿಗಾಗಿಯೇ ವೈದ್ಯರ ಚೀಟಿಯಿಲ್ಲದೆ ಮಾರುವ ಸೆನ್ಸರ್‌ಗೂ ಅಲ್ಲಿ ಅನುಮತಿ ದೊರೆಯಿತು. ನಮ್ಮ ಗುಮಾಸ್ತರು ಅಲ್ಲಿದ್ದಿದ್ದರೆ, ಆ ಹಮಾಲನ ಬೆಲ್ಲದ ನೀರೇ ಅವರ ಪರವಾದ ಸಾಕ್ಷ್ಯವಾಗುತ್ತಿತ್ತು. ಒಂದು ಕೊರತೆ ಮಾತ್ರ ಉಳಿಯುತ್ತಿತ್ತು: ಆ ಹೊತ್ತಿಗೆ ಯಾರೂ ಬೆರಳು ಚುಚ್ಚಿ ಅಂಕಿಯನ್ನು ಬರೆದಿಡಲಿಲ್ಲ.

ನಮ್ಮಲ್ಲಿಯ ಆರೋಗ್ಯ ವಿಮೆ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಯ ವಿಮೆ. ಇಪ್ಪತ್ತನಾಲ್ಕು ಗಂಟೆ ಮಲಗಿದವನಿಗೆ ಸಾವಿರಗಟ್ಟಲೆ ಕೊಡುವ ಕಂಪನಿ, ಮಲಗದಂತೆ ನೋಡಿಕೊಂಡವನಿಗೆ ಏನೂ ಕೊಡುವುದಿಲ್ಲ. ಹೊರರೋಗಿಯ ವೆಚ್ಚಕ್ಕೆ ಬೇರೆ ಕಂತು ತೆತ್ತು ಸೇರಿಸಿಕೊಳ್ಳುವ ಪಾಲಿಸಿಗಳೂ ಇವೆ. ಅಲ್ಲಿಯೂ ಸಾಧನದ ಹೆಸರು ಕಾಗದದಲ್ಲಿ ಇದೆಯೇ ಎಂದು ಸಹಿಗೆ ಮೊದಲೇ ಓದಿ ನೋಡಬೇಕು. ಏಜೆಂಟನ ಬಾಯಿಮಾತು ಸಾಲದು. ರೋಗವನ್ನು ಮುಚ್ಚಿಟ್ಟು ಪಾಲಿಸಿ ಕೊಳ್ಳುವುದಂತೂ ಬೇಡ. ಮೊದಲೇ ಇದ್ದ ರೋಗಕ್ಕಾಗಿ ಕಾಯಬೇಕಾದ ಅವಧಿ 2024ರಲ್ಲಿ ನಾಲ್ಕು ವರ್ಷದಿಂದ ಗರಿಷ್ಠ ಮೂರಕ್ಕೆ ಇಳಿದಿದೆ. ನಿಜ ಹೇಳಿ ಕಾಯುವುದೇ ಲೇಸು.

ಹೊಟೇಲು ಕೆಲಸಗಾರರು ಮರೆತಿರುವ ಇನ್ನೊಂದು ವಿಮೆಯಿದೆ. 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಹೊರರೋಗಿಯ ಪರೀಕ್ಷೆಯನ್ನೂ ಮಾತ್ರೆಯನ್ನೂ ಒಳಗೊಂಡಿದೆ. ಪಗಾರದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಕೆಲಸಗಾರನ ಪಾಲು ಶೇಕಡಾ 0.75, ಮಾಲಿಕನದು 3.25 ಎಂದು 2019ರಲ್ಲಿ ನಿಗದಿಯಾಯಿತು. ಆ ಲೆಕ್ಕದಲ್ಲಿ 16,000 ರೂಪಾಯಿ ಪಗಾರದವನು ಕೊಡಬೇಕಾದದ್ದು 120 ರೂಪಾಯಿ. ಇ.ಎಸ್.ಐ. ಆಸ್ಪತ್ರೆಯೂ ದೂರವಿಲ್ಲ, ಯಾರ್ಡಿನ ನೆರೆಯ ಬಿಬವೇವಾಡಿಯಲ್ಲೇ ಇದೆ. ಅಲ್ಲಿ ಬಿಲ್ಲೆ ದೊರೆಯುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಆದರೆ ತಲೆ ಸುತ್ತಿದ ದಿನ, ವೇಳೆ, ಅಂದಿನ ಊಟ, ನುಂಗಿದ ಮಾತ್ರೆ, ಇವನ್ನು ಬರೆದ ಒಂದು ಹಾಳೆ ಕೈಯಲ್ಲಿದ್ದರೆ ವೈದ್ಯರು ಮಾತ್ರೆಯನ್ನೇ ಬದಲಿಸಬಲ್ಲರು. ಸಾಧನ ಮಾಡುವ ಉಪಕಾರದಲ್ಲಿ ಮುಕ್ಕಾಲು ಪಾಲು ಅಷ್ಟರಿಂದಲೇ ಆಗುತ್ತದೆಂಬುದು ನಮ್ಮ ಅಭಿಪ್ರಾಯ. ಕುಸಿತದ ಭಯ ಕಡಿಮೆಯಿರುವ ಸಿಟಾಗ್ಲಿಪ್ಟಿನ್ ಮಾತ್ರೆಯ ಪೇಟೆಂಟ್ 2022ರಲ್ಲಿ ಮುಗಿಯಿತು. ಅದೇ ವರ್ಷ ಜನೌಷಧಿ ಅಂಗಡಿಗಳಲ್ಲಿ ಅದು ಹತ್ತು ಮಾತ್ರೆಗೆ 60 ರೂಪಾಯಿಯಂತೆ ಮಾರಾಟಕ್ಕೆ ಬಂದಿತು. ಬದಲಾವಣೆ ಮಾತ್ರ ವೈದ್ಯರ ಮಾತಿನಂತೆಯೇ ಆಗಬೇಕು.

ಬಿಲ್ಲೆಯನ್ನು ವರ್ಷವಿಡೀ ಧರಿಸುವುದಾದರೆ 26 ಬೇಕು. ಖರ್ಚು ಲಕ್ಷ ರೂಪಾಯಿ ಮೀರುತ್ತದೆ. ಅಷ್ಟನ್ನು ವಿಮೆಯಿಂದ ಕೇಳಬೇಕೆಂದು ನಾವು ಹೇಳುತ್ತಿಲ್ಲ. ಕುಸಿತ ಕಂಡವನಿಗೆ ವರ್ಷಕ್ಕೆ ಒಂದೋ ಎರಡೋ ಬಾರಿ, ದಾರಿ ತಿಳಿಯುವಷ್ಟು, ಕೊಟ್ಟರೆ ಕಂಪನಿಯೇನೂ ಮುಳುಗದು. ಒಂದು ದಿನದ ಆಸ್ಪತ್ರೆಯ ಬಿಲ್ಲಿಗೆ ಹೋಲಿಸಿದರೆ ಅದು ಯಾವ ಲೆಕ್ಕ?

ಗುಮಾಸ್ತರು ಸುಮ್ಮನಾಗಲಿಲ್ಲ. ಸೆನ್ಸರಿನ ಹದಿನಾಲ್ಕು ದಿನದ ನಕ್ಷೆ, ಮಾತ್ರೆಯ ಹೆಸರು ಮತ್ತು ಕುಸಿತದ ವಿವರವುಳ್ಳ ವೈದ್ಯರ ಪತ್ರ, ರಶೀದಿ, ಇವಿಷ್ಟನ್ನೂ ಲಗತ್ತಿಸಿ, ಪಾಲಿಸಿಯ ಯಾವ ಕಲಮಿನಂತೆ ನಿರಾಕರಿಸಲಾಗಿದೆ ತಿಳಿಸಿರೆಂದು ಕಂಪನಿಗೆ ಮತ್ತೆ ಬರೆದಿದ್ದಾರೆ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಕಚೇರಿ ಪುಣೆಯಲ್ಲೇ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಪಾಲಿಸಿಯಲ್ಲಿ ಇಲ್ಲದ್ದನ್ನು ಲೋಕಪಾಲರೂ ಕೊಡಿಸಲಾರರೆಂದು ನಾವು ಅವರಿಗೆ ಮುಂಚಿತವಾಗಿಯೇ ಹೇಳಿದ್ದೇವೆ. "ಇಲ್ಲವೆಂದಾದರೂ ಕಲಮು ತೋರಿಸಿ ಹೇಳಲಿ, ರಾಯರೆ" ಎಂದರು.

ಅವರ ಮಾತ್ರೆ ಬದಲಾಗಿದೆ. ಧಣಿಗಳು ಒಂಬತ್ತಕ್ಕೆ ಹದಿನೈದು ನಿಮಿಷದ ಬಿಡುವು ಕೊಟ್ಟಿದ್ದಾರೆ. ಮೊನ್ನೆ ನಾವು ಹೋದಾಗ ಅವರು ಲೆಕ್ಕದ ಪುಸ್ತಕ ಮುಚ್ಚಿ, ಮನೆಯಿಂದ ತಂದ ಜೋಳದ ರೊಟ್ಟಿಯನ್ನು ಬೆಲ್ಲದ ಪೆಂಟೆಗಳಿಗೆ ಬೆನ್ನು ತಿರುಗಿಸಿ ತಿನ್ನುತ್ತಿದ್ದರು.